ಸಂಜೆ ಐದರ ಮಾತ್ರೆ

ಮಾತು ತೊದಲುವ ಒಬ್ಬ ಟೈಲರಿಗೆ ಮೂರು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ ದಿನ, ಇಪ್ಪತ್ತೆರಡು ವರ್ಷ ಮೈಕಿನ ಮುಂದೆ ಸವೆದ ಮನುಷ್ಯನಿಗೆ ಸಿಕ್ಕ ಕೆಲಸವೆಂದರೆ ಅಡ್ಡಾದಿಡ್ಡಿ ನಿಲ್ಲಿಸಿದ ಕಾರುಗಳ ನಂಬರು ಓದುವುದು.

ಅವನನ್ನು ಎಲ್ಲರೂ ‘ಕಂಠ’ ಎಂದೇ ಕರೆಯುತ್ತಿದ್ದರು. ಅಂಗಡಿಗಳ ಉದ್ಘಾಟನೆ, ಮದುವೆಯ ಆರತಕ್ಷತೆ, ಸಾಬೂನಿನ ಜಾಹೀರಾತು, ರೈಲು ನಿಲ್ದಾಣದ ಪ್ರಕಟಣೆ, ಎಲ್ಲದರಲ್ಲೂ ಅವನೇ. ಅವನ ದನಿ ಬೀಳದ ಕಿವಿ ಆ ಊರಿನಲ್ಲಿರಲಿಲ್ಲ. ಅವನ ಮುಖ ಗುರುತಿಸುವ ಕಣ್ಣು ಮಾತ್ರ ಒಂದೂ ಇರಲಿಲ್ಲ. ಈಗೀಗ ದನಿಯನ್ನೂ ಕರೆಯುವವರು ಕಡಿಮೆಯಾಗಿದ್ದರು. ಸಂಗೀತ ಹಾಕುವ ಡಿಜೆಗಳು ತಮ್ಮ ಮಾತನ್ನು ತಾವೇ ಆಡಿಕೊಳ್ಳುತ್ತಿದ್ದರು, ಅದೂ ಹಾಡಿನ ಮಧ್ಯೆ ಕಿರುಚಿ.

ಆ ದಿನದ ಕಾರ್ಯಕ್ರಮವೂ ಒಬ್ಬಳು ಡಿಜೆಯದೇ. ಒಳಾಂಗಣ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನಿಲ್ಲದ ಕುಣಿತ. ಕುಣಿಯುವವರು ಎಷ್ಟು ಗಂಟೆ ಕುಣಿಯುತ್ತಾರೋ ಅಷ್ಟು ಹಣವನ್ನು ಅವರ ನೆಂಟರು, ಗೆಳೆಯರು, ಆಫೀಸಿನವರು ಕೊಡಬೇಕು. ಹಣವೆಲ್ಲ ಊರ ಹೊರಗಿನ ಒಂದು ಮಕ್ಕಳ ಮನೆಗೆ. ಅಲ್ಲಿ ಎಚ್‌ಐವಿ ಸೋಂಕಿನೊಂದಿಗೆ ಹುಟ್ಟಿದ ಮೂವತ್ತೊಂದು ಮಕ್ಕಳಿದ್ದರು. ಹಾಡು ಹಾಡಿನ ನಡುವೆ ಜನರಿಗೆ ಎರಡೆರಡು ಮಾತಿನಲ್ಲಿ ತಿಳಿವಳಿಕೆ: ಮುಟ್ಟಿದರೆ ಹರಡುವುದಿಲ್ಲ, ಜೊತೆಗೆ ಉಂಡರೆ ಹರಡುವುದಿಲ್ಲ, ಪರೀಕ್ಷೆ ಮಾಡಿಸಿಕೊಳ್ಳಿ, ಮಾತ್ರೆ ತಪ್ಪಿಸಬೇಡಿ. ಆ ಮಾತುಗಳನ್ನು ರೆಕಾರ್ಡ್ ಮಾಡಿಕೊಟ್ಟವನು ಕಂಠನೇ, ಅದೂ ಅರ್ಧ ಸಂಭಾವನೆಗೆ.

ಮಧ್ಯಾಹ್ನ ಟೈಲರು ವೇದಿಕೆ ಹತ್ತಿದ. ಹೊಲಿಗೆಯ ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಒರಟಾಗಿದ್ದ, ಎದೆ ಒಳಗೆ ಹೋದ ಮನುಷ್ಯ. “ನಂಗೆ... ನಂಗೆ ಎಚ್‌ಐವಿ ಇದೆ. ಹ... ಹನ್ನೊಂದು ವರ್ಷ ಆಯ್ತು. ಮಾತ್ರೆ ತಗೋತೀನಿ, ಬ... ಬಟ್ಟೆ ಹೊಲೀತೀನಿ. ನನ್ನ ಮಗಳಿಗೆ ಇಲ್ಲ. ಅಷ್ಟೇ,” ಎಂದು ಹೇಳಿ ಕೆಳಗಿಳಿದ. ಇಡೀ ಕ್ರೀಡಾಂಗಣ ಒಡೆದ ಕಟ್ಟೆಯಂತಾಯಿತು. ಯಾರೋ ವ್ಯಾಪಾರಿ ಅಲ್ಲೇ ಅವನಿಗೆ ಹೊಸ ಮೆಷಿನ್ನು ಕೊಡಿಸುವುದಾಗಿ ಘೋಷಿಸಿದ. ಇನ್ಯಾರೋ ಬಾಡಿಗೆಯಿಲ್ಲದೆ ಅಂಗಡಿ. ಬೆವರಿನಲ್ಲಿ ತೊಯ್ದು ತೊಪ್ಪೆಯಾದ ಹುಡುಗರು ಹುಡುಗಿಯರು ಅವನನ್ನು ತಬ್ಬಿಕೊಂಡರು.

ಕಂಠ ಒಂದು ಹೆಜ್ಜೆ ಹಿಂದೆ ಸರಿದ. ಆ ಬೆವರು, ಆ ಅಳು, ಆ ಮೂಗು ಸೀಟುವ ಸದ್ದು. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಕ್ಷರವನ್ನೂ ಜಾರಲು ಬಿಡದ ನಾಲಿಗೆಗೆ ಒಂದೇ ಒಂದು ಸಲ ಹೀಗೆ ಜನ ಎದ್ದು ನಿಂತದ್ದಿಲ್ಲ. ಟೈಲರು ಕೆಳಗಿಳಿಯುತ್ತ ಅವನತ್ತ ಕೈ ಚಾಚಿದ. ಕುಲುಕಲೇಬೇಕಾಯಿತು. ಕುಲುಕಿದವನೇ ಶೌಚಾಲಯಕ್ಕೆ ಹೋಗಿ ಸಾಬೂನು ಹಚ್ಚಿ ಮೂರು ಸಲ ಕೈ ತೊಳೆದ. ಗೋಡೆಯ ಸ್ಪೀಕರಿನಲ್ಲಿ ಅವನದೇ ದನಿ ಜೇನಿನಂತೆ ಹೇಳುತ್ತಿತ್ತು: ಮುಟ್ಟಿದರೆ ಹರಡುವುದಿಲ್ಲ. ಗೊತ್ತು, ಎಂದುಕೊಂಡು ಅವನು ನಾಲ್ಕನೆಯ ಸಲ ತೊಳೆದ.

ಕೈ ಒರೆಸಿಕೊಳ್ಳುತ್ತಿರುವಾಗಲೇ ಆ ಯೋಚನೆ ಹೊಳೆಯಿತು. ಈ ಕಾಯಿಲೆ ಸಿಕ್ಕಿರುವುದು ತೊದಲುವವನಿಗೆ. ಮಾತು ಸಿಕ್ಕಿರುವುದು ಆರೋಗ್ಯವಾಗಿರುವವನಿಗೆ. ಎರಡನ್ನೂ ಒಂದೇ ಕಡೆ ಸೇರಿಸಿದರೆ?

ಮೂರು ತಿಂಗಳು ಅವನು ಅವಸರ ಮಾಡಲಿಲ್ಲ. ಸಿಕ್ಕಿದ ಕರಪತ್ರಗಳನ್ನೆಲ್ಲ ಪಾತ್ರಕ್ಕೆ ತಯಾರಾಗುವ ನಟನಂತೆ ಬಾಯಿಪಾಠ ಮಾಡಿದ. ಓದುತ್ತ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು: ಯಾರಿಗೂ ಯಾರನ್ನೂ ‘ನಿನಗೆ ನಿಜವಾಗಿ ಸೋಂಕಿದೆಯೇ, ತೋರಿಸು’ ಎಂದು ಕೇಳುವ ಹಕ್ಕಿಲ್ಲ. ಆಸ್ಪತ್ರೆ ಬಾಯಿ ಬಿಡುವಂತಿಲ್ಲ. ಸೋಂಕಿತರನ್ನು ಕಾಪಾಡಲು ಕಟ್ಟಿದ ಆ ಗುಟ್ಟಿನ ಗೋಡೆಯ ಒಳಗೆ ಸುಳ್ಳನೊಬ್ಬ ಹೊಕ್ಕು ಕೂತರೆ ಅದು ಅವನನ್ನೂ ಅಷ್ಟೇ ನಿಷ್ಠೆಯಿಂದ ಕಾಯುತ್ತಿತ್ತು. ಇಂಥ ಗಟ್ಟಿಯಾದ ಬೀಗವನ್ನು ಯಾವ ಕಳ್ಳನಿಗೂ ಯಾರೂ ಪುಕ್ಕಟೆ ಕೊಟ್ಟಿರಲಾರರು.

ಸೋಂಕು ಬಂದ ದಾರಿಯನ್ನೂ ಎಚ್ಚರಿಕೆಯಿಂದ ಆರಿಸಿದ. ಹೆಣ್ಣಿನ ಸಹವಾಸ ಬೇಡ, ನಶೆಯ ಸೂಜಿ ಬೇಡ; ಜನ ಅಳುತ್ತಾರೆ, ಆದರೆ ಅಳುತ್ತಲೇ ಮೂಗು ಮುರಿಯುತ್ತಾರೆ. ಹದಿನೈದು ವರ್ಷದ ಹಿಂದೆ ಅವನ ಸ್ಕೂಟರಿಗೆ ಲಾರಿ ತಾಗಿ ತೊಡೆಯಲ್ಲಿ ಒಂದು ಗೇಣುದ್ದದ ಗಾಯದ ಗುರುತು ಉಳಿದಿತ್ತು. ಆಗ ಯಾರೂ ರಕ್ತ ಕೊಟ್ಟಿರಲಿಲ್ಲ, ಬರೀ ಹೊಲಿಗೆ ಹಾಕಿದ್ದರು. ಈಗ, ಅವನ ಕತೆಯಲ್ಲಿ, ರಕ್ತ ಕೊಟ್ಟರು. ಪರೀಕ್ಷೆ ಮಾಡದ ರಕ್ತ, ಎರಡು ಬಾಟಲಿ. ಎರಡು ವರ್ಷದ ಹಿಂದೆ ಬಾಗಿಲು ಮುಚ್ಚಿದ ಒಂದು ಸಣ್ಣ ಪ್ರಯೋಗಾಲಯದ ಹಳೆಯ ವರದಿಯೊಂದು, ಸಕ್ಕರೆ ಕಾಯಿಲೆಗೆ ಮಾಡಿಸಿದ್ದು, ಮನೆಯ ಕಡತದಲ್ಲಿತ್ತು. ಅದರ ತಲೆಬರಹ, ಮೊಹರು, ಸಹಿ ಉಳಿಸಿಕೊಂಡು ನಡುವಿನ ಸಾಲುಗಳನ್ನು ಕಂಪ್ಯೂಟರಿನಲ್ಲಿ ಬದಲಾಯಿಸಲು ಅವನಿಗೆ ಒಂದು ಮಧ್ಯಾಹ್ನ ಸಾಕಾಯಿತು. ಮುಚ್ಚಿದ ಬಾಗಿಲನ್ನು ಯಾರು ತಟ್ಟುತ್ತಾರೆ?

ಉಳಿದದ್ದು ಹೆಂಡತಿ. ಅವಳಿಗೆ ನಿಜ ಹೇಳಬಹುದಿತ್ತು. ಆದರೆ ನಟಿಸಲು ಬಾರದ ಹೆಂಗಸು. ಸುಳ್ಳು ಹೇಳಿದರೆ ನಟಿಸುವ ಅಗತ್ಯವೇ ಇರುವುದಿಲ್ಲ. ಅವಳ ಕಣ್ಣೀರಿಗಿಂತ ಒಳ್ಳೆಯ ಸಾಕ್ಷಿ ಯಾವ ಪ್ರಯೋಗಾಲಯದಲ್ಲೂ ತಯಾರಾಗದು.

ಅವಳು ಬಟ್ಟೆ ಮಡಚುತ್ತಿದ್ದಾಗ ಅವನು ಹೇಳಿದ. ಕೈಯಲ್ಲಿದ್ದ ಅಂಗಿಯನ್ನು ಅವಳು ಅರ್ಧಕ್ಕೇ ನಿಲ್ಲಿಸಿದಳು.

“ಎಷ್ಟು ದಿನದಿಂದ ಗೊತ್ತು?”

“ಎರಡು ವರ್ಷ.”

“ಎರಡು ವರ್ಷ ಒಬ್ಬರೇ ಒದ್ದಾಡಿದ್ರಾ?” ಎಂದಳು. ಬೈಗುಳ ಬರುತ್ತದೆಂದು ಅವನು ಕಾದಿದ್ದ. ಅಪಘಾತದ ಕತೆಯನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ. ಅವಳು ಅದನ್ನು ಕೇಳಲೇ ಇಲ್ಲ. ಅಂಗಿಯನ್ನು ನೋಡುತ್ತಲೇ, “ನನಗೂ ಇರಬಹುದಲ್ವಾ?” ಎಂದಳು.

“ಇರಬಹುದು,” ಎಂದ ಅವನು. ತನ್ನ ದನಿಯ ಇಳಿತ ಎಷ್ಟು ಚೆನ್ನಾಗಿ ಬಂತು ಎಂದು ಅವನಿಗೇ ಮೆಚ್ಚುಗೆಯಾಯಿತು.

ಪರೀಕ್ಷೆಯ ಫಲ ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ಅವಳು ಮಡಚಿದ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚಿದಳು. ತಮ್ಮನಿಗೆ ಫೋನು ಮಾಡಿ, ಏನೂ ಹೇಳದೆ, ಅವನ ಮಕ್ಕಳ ಶಾಲೆಯ ವಿಷಯ ಕೇಳಿ ಇಟ್ಟಳು. ಗಂಡ ನಿಜದ ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು. ಕಂಠ ಪಕ್ಕದ ಕೋಣೆಯಲ್ಲಿ ಕೂತು ಅದನ್ನೆಲ್ಲ ಗಮನಿಸಿದ. ಮುಂದೆ ಭಾಷಣಕ್ಕೆ ಬೇಕಾಗುವ ವಿವರಗಳೆಂದು ಎರಡು ಮೂರು ಸಾಲು ಬರೆದೂ ಇಟ್ಟುಕೊಂಡ. ಸೋಂಕಿಲ್ಲ ಎಂದು ಗೊತ್ತಾದ ದಿನ ಅವಳು ಖುಷಿಪಡಲೂ ನಾಚಿಕೊಂಡಳು. ಅಂದಿನಿಂದ ಅವನು ಅರ್ಧ ಬಿಟ್ಟ ಚಹಾವನ್ನು ಅವನ ಕಣ್ಣೆದುರೇ, ಬೇಕೆಂದೇ, ತಾನು ಕುಡಿಯತೊಡಗಿದಳು. ಅವನಿಗೆ ಅಸಹ್ಯವಾಯಿತು. ತನ್ನ ಮೇಲಲ್ಲ, ಆ ಎಂಜಲು ಲೋಟದ ಮೇಲೆ.

ಡಿಜೆಗೆ ಹೇಳುವುದು ನೀರು ಕುಡಿದಷ್ಟು ಸಲೀಸಾಯಿತು. ಕಿವಿಯ ಮೇಲಿನ ಹೆಡ್‌ಫೋನು ಕೆಳಗಿಳಿಸಿ ಅವಳು ಅವನ ಎರಡೂ ಕೈ ಹಿಡಿದುಕೊಂಡಳು. “ಸರ್, ಇಷ್ಟು ವರ್ಷ ನಿಮ್ಮ ಹತ್ರ ಕಾರ್ ನಂಬರ್ ಓದಿಸ್ತಿದ್ದೆನಲ್ಲ ಸರ್...” ಎಂದು ಅತ್ತಳು. ಹದಿನೈದು ದಿನದಲ್ಲಿ ಅವನ ಮೊದಲ ಭಾಷಣ, ಕಾಲೇಜೊಂದರ ಸಭಾಂಗಣ. ಹಿಂದೆ ಮೆಲ್ಲಗೆ, ಎದೆ ಬಡಿತದಂಥ ತಾಳವೊಂದನ್ನು ಅವಳು ನುಡಿಸಿದಳು. ಅದರ ಮೇಲೆ ಅವನ ದನಿ. ಲಾರಿ, ಮಳೆ, ಎರಡು ಬಾಟಲಿ ರಕ್ತ, ಮಡಚುತ್ತ ನಿಂತುಹೋದ ಅಂಗಿ. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಒಡೆಯಬೇಕು ಎಂಬುದು ಅವನಿಗೆ ಹುಟ್ಟಿನಿಂದ ಗೊತ್ತಿತ್ತು. ಆರುನೂರು ಜನ ಎದ್ದು ನಿಂತರು.

ಆಮೇಲೆ ಊರೂರು. ಶಾಲೆ, ಕಾರ್ಖಾನೆ, ಪೊಲೀಸ್ ಕ್ವಾರ್ಟರ್ಸು. ಹಣವೂ ಹಿಂದೆಂದೂ ಬಾರದಷ್ಟು ಬಂತು; ಮಕ್ಕಳ ಮನೆಗೆ ಹೊಸ ವ್ಯಾನು ಬಂತು, ಸೋರುವ ಮಾಡು ಬದಲಾಯಿತು. ಅದನ್ನು ನೋಡಿ ಅವನಿಗೆ ತಾನು ಮಾಡುತ್ತಿರುವುದು ಹೆಚ್ಚುಕಡಿಮೆ ಪುಣ್ಯದ ಕೆಲಸವೆಂದೇ ಅನಿಸತೊಡಗಿತು.

ಅನುಮಾನಕ್ಕೆ ಹತ್ತಿರ ಬಂದವನು ಟೈಲರು ಒಬ್ಬನೇ. ಒಮ್ಮೆ ಸಭೆ ಮುಗಿದ ಮೇಲೆ ಪಕ್ಕಕ್ಕೆ ಬಂದು, “ಅಣ್ಣಾ, ನೀವು ಯಾ... ಯಾವ ಸೆಂಟರಲ್ಲಿ ಮಾತ್ರೆ ತಗೋತೀರಿ? ಒಂದಿನಾನೂ ಸಾಲಲ್ಲಿ ನೋಡ್ಲಿಲ್ಲ,” ಎಂದ.

ಕಂಠ ತನ್ನ ದನಿಯನ್ನು ಒಂದು ಮೆಟ್ಟಿಲು ಇಳಿಸಿದ. “ಆ ಪ್ರಶ್ನೆ ಕೇಳಬಾರದು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಟೈಲರನ ಮುಖ ಕೆಂಪಾಯಿತು. “ತಪ್ಪಾಯ್ತಣ್ಣ, ತಪ್ಪಾಯ್ತು,” ಎಂದು ಎರಡು ಸಲ ಹೇಳಿದ. ಪ್ರಾಯಶ್ಚಿತ್ತವೆಂಬಂತೆ, ಮುಂದಿನ ಕುಣಿತದ ದಿನಕ್ಕೆ ಕಂಠನಿಗೊಂದು ಬಿಳಿ ಕೋಟು ತಾನೇ ಹೊಲಿದುಕೊಡುತ್ತೇನೆಂದು ಅಳತೆ ತೆಗೆದುಕೊಂಡ. ಟೇಪು ಎದೆಯ ಸುತ್ತ ಬಂದಾಗ ಕಂಠ ಉಸಿರು ಬಿಗಿಹಿಡಿದು ನಿಂತ. ಕೋಟು ಬಂದ ಮೇಲೆ ಎರಡು ಸಲ ಡ್ರೈಕ್ಲೀನಿಂಗಿಗೆ ಕೊಟ್ಟ.

ಕಷ್ಟವೆಂದರೆ ಮಕ್ಕಳು. ಮಕ್ಕಳ ಮನೆಗೆ ತಿಂಗಳಿಗೆರಡು ಸಲ ಹೋಗಲೇಬೇಕಿತ್ತು. ಅವರಿಗೆ ಅವನು ನೆಂಟ, ದೊಡ್ಡವನಾದ ತಮ್ಮಂಥವನು. ತಾವೂ ಹೀಗೆ ದೊಡ್ಡವರಾಗಬಹುದು, ಹೆಂಡತಿ ಮನೆ ಅಂತ ಇಟ್ಟುಕೊಳ್ಳಬಹುದು, ಮೈಕು ಹಿಡಿಯಬಹುದು ಎಂಬುದಕ್ಕೆ ಪುರಾವೆ. ಹಾಗಾಗಿ ಮೈಮೇಲೆ ಬೀಳುತ್ತಿದ್ದರು. ಸುರಿಯುವ ಮೂಗು, ಜಾಮ್ ಅಂಟಿದ ಬೆರಳು, ಕಚ್ಚಿ ಅರ್ಧ ಉಳಿಸಿ ‘ತಿನ್ನಿ ಅಂಕಲ್’ ಎಂದು ಚಾಚುವ ಒದ್ದೆ ಬಿಸ್ಕತ್ತು. ಅವನು ಫೋಟೊ ತೆಗೆಯುವಾಗ ಅದನ್ನು ಬಾಯಿಗಿಟ್ಟು, ಆಮೇಲೆ ಕರವಸ್ತ್ರಕ್ಕೆ ಉಗುಳುತ್ತಿದ್ದ. ಕಾರಿನಲ್ಲಿ ಯಾವಾಗಲೂ ಸ್ಪಿರಿಟ್ಟಿನ ಬಾಟಲಿ. ಎಲ್ಲರಿಗಿಂತ ಹೆಚ್ಚು ಅಂಟಿಕೊಂಡವಳು ಹನ್ನೊಂದು ವರ್ಷದ ಒಬ್ಬಳು. ಹಾಡು ಕೇಳಿದರೆ ನಿಂತಲ್ಲೇ ಗಿರಗಿರ ತಿರುಗುತ್ತಿದ್ದುದರಿಂದ ಅವಳ ಹೆಸರೇ ಬುಗುರಿ. ಚಿಕ್ಕ ಮಕ್ಕಳ ಲೋಟ ತೊಳೆಯುವುದು, ಕೂದಲು ಬಾಚುವುದು, ಜಗಳ ಬಿಡಿಸುವುದು ಎಲ್ಲ ಅವಳದೇ ದರ್ಬಾರು. “ನಿಮ್ ತರ ಮಾತಾಡೋದ್ ಹೇಳ್ಕೊಡಿ ಅಂಕಲ್,” ಎಂದು ಕೈಗೆ ಜೋತುಬೀಳುತ್ತಿದ್ದಳು. ಆ ಬೆವರಿದ ಪುಟ್ಟ ಅಂಗೈ ತನ್ನ ಅಂಗೈಗೆ ಅಂಟಿದಾಗಲೆಲ್ಲ ಅವನ ಬೆನ್ನಹುರಿಯಲ್ಲಿ ಹುಳು ಹರಿದಂತಾಗುತ್ತಿತ್ತು. ಮುಖದಲ್ಲಿ ನಗು ಮಾತ್ರ ಒಂದಿಷ್ಟೂ ಕದಲುತ್ತಿರಲಿಲ್ಲ.

ಒಂಬತ್ತನೆಯ ತಿಂಗಳಿಗೆ ಅವನು ಕಾಯುತ್ತಿದ್ದದ್ದು ಬಂತು. ದೊಡ್ಡ ಸಂಸ್ಥೆಯೊಂದು ತನ್ನ ಜಾಗೃತಿ ಕೆಲಸಕ್ಕೆ ಒಬ್ಬ ರಾಯಭಾರಿಯನ್ನು ನೇಮಿಸಲಿತ್ತು. ಐದು ವರ್ಷದ ಹುದ್ದೆ, ಸಂಬಳ, ಮನೆ, ಊರೂರಿನ ಗೋಡೆಗಳ ಮೇಲೆ ಆಳೆತ್ತರದ ಚಿತ್ರ. ಕೊನೆಗೂ ದನಿಗೊಂದು ಮುಖ. ಈ ವರ್ಷದ ಕುಣಿತದ ದಿನವೇ ಘೋಷಣೆ. ಸಂಸ್ಥೆಯ ಹಿರಿಯ ವೈದ್ಯೆಯೇ ವೇದಿಕೆಗೆ ಬರುತ್ತಾರೆ.

ಆ ದಿನದ ಮುಖ್ಯ ಗಳಿಗೆಯನ್ನು ಕಂಠನೇ ರೂಪಿಸಿದ. ಮಕ್ಕಳ ಮನೆಯಲ್ಲಿ ಸಂಜೆ ಐದಕ್ಕೆ ಮಾತ್ರೆಯ ಹೊತ್ತು. ಐದು ಹೊಡೆಯುತ್ತಿದ್ದಂತೆ ಸಂಗೀತ ಥಟ್ಟನೆ ನಿಲ್ಲಬೇಕು. ಮಕ್ಕಳು ವೇದಿಕೆಗೆ ಬಂದು ಅವನೊಂದಿಗೆ ಮಾತ್ರೆ ತೆಗೆದುಕೊಳ್ಳಬೇಕು. ಮೂರು ಸಾವಿರ ಜನ ಅವರ ಜೊತೆ ಒಂದು ಗುಟುಕು ನೀರು ಕುಡಿಯಬೇಕು. ಡಿಜೆಗೆ ರೋಮಾಂಚನವಾಯಿತು. “ಕ್ಯಾಮೆರಾ ನಿಮ್ಮ ಅಂಗೈ ಮೇಲೇ ಇರುತ್ತೆ ಸರ್. ಹಿಂದಿನ ದೊಡ್ಡ ಪರದೆ ಮೇಲೆ ಬರೀ ಆ ಮಾತ್ರೆ,” ಎಂದಳು.

ಇಲ್ಲಿಯವರೆಗೆ ಸಭೆಗಳಲ್ಲಿ ಅವನು ತೆಗೆದುಕೊಳ್ಳುತ್ತಿದ್ದದ್ದು ವಿಟಮಿನ್ ಮಾತ್ರೆ. ದೂರದಲ್ಲಿ ಕೂತವರಿಗೆ ಎಲ್ಲ ಮಾತ್ರೆಯೂ ಒಂದೇ. ಆದರೆ ಪರದೆಯ ಮೇಲೆ ಆಳುದ್ದ ಕಾಣುವಾಗ, ಪಕ್ಕದಲ್ಲೇ ವೈದ್ಯೆ ನಿಂತಿರುವಾಗ, ಹಳದಿ ವಿಟಮಿನ್ ನಡೆಯದು. ನಿಜವಾದದ್ದೇ ಬೇಕು. ನಿಜವಾದದ್ದು ಹೆಸರು ನೋಂದಾಯಿಸಿದವರಿಗಷ್ಟೇ ಸಿಗುತ್ತದೆ.

ಕುಣಿತಕ್ಕೆ ಎಂಟು ದಿನವಿದ್ದಾಗ ಅವನು ಮಕ್ಕಳ ಮನೆಗೆ ಹೋದ. ಅದನ್ನು ನಡೆಸುವ ಹೆಂಗಸನ್ನು ಮಕ್ಕಳು ‘ದೊಡ್ಡಕ್ಕ’ ಎನ್ನುತ್ತಿದ್ದರು. ಔಷಧದ ಕಪಾಟನ್ನು ತೆರೆದು ಬಾಟಲಿ ಜೋಡಿಸುತ್ತಿದ್ದ ದೊಡ್ಡಕ್ಕನಿಗೆ ಹೊರಗಿನಿಂದ ಯಾರೋ ಕೂಗಿದರು, ವ್ಯಾನಿನ ಡ್ರೈವರಿರಬೇಕು. “ಎರಡು ನಿಮಿಷ, ಕೂತಿರಿ,” ಎಂದು ಹೋದರು. ಎರಡು ನಿಮಿಷ ಬೇಕಿರಲಿಲ್ಲ. ಕರಪತ್ರದಲ್ಲಿ ಬಾಯಿಪಾಠ ಮಾಡಿದ್ದ ಉದ್ದನೆಯ ಹೆಸರು ಯಾವ ಬಾಟಲಿಯ ಮೇಲಿದೆ ಎಂದು ನೋಡಿದ, ಅಕ್ಷರ ಅಕ್ಷರ ಹೋಲಿಸಿದ, ಕೋಟಿನ ಒಳಜೇಬಿಗೆ ಇಳಿಸಿದ. ಬಾಟಲಿಗೆ ಯಾವುದೋ ಮಗುವಿನ ಹೆಸರಿನ ಚೀಟಿ ಅಂಟಿತ್ತು. ಮನೆಗೆ ಹೋಗಿ ಬಿಸಿನೀರಿನಲ್ಲಿ ನೆನೆಸಿ ಅದನ್ನು ಕೆರೆದು ತೆಗೆದ. ಯಾರ ಹೆಸರೆಂದು ಓದಲಿಲ್ಲ.

ಮರುದಿನ ದೊಡ್ಡಕ್ಕನ ಫೋನು. “ಒಂದು ಬಾಟಲಿ ಕಡಿಮೆ ಬರ್ತಿದೆ ಸರ್. ಮೂರು ಸಲ ಎಣಿಸ್ದೆ. ಮಗುಗೆ ಒಂದಿನ ಮಾತ್ರೆ ತಪ್ಪಿದ್ರೂ ಕಷ್ಟ ಅಲ್ವಾ... ನಂದೇ ತಪ್ಪು, ಎಲ್ಲಿಟ್ನೋ ನೆನಪಾಗ್ತಿಲ್ಲ.” ದನಿ ಒಡೆದಿತ್ತು.

“ನಿಮ್ಮನ್ನ ನೀವೇ ಹಳಿದುಕೋಬೇಡಿ,” ಎಂದ ಕಂಠ, ತನ್ನ ಅತ್ಯಂತ ಮೃದುವಾದ ಸ್ವರದಲ್ಲಿ. “ಒಬ್ಬರೇ ಮೂವತ್ತೊಂದು ಮಕ್ಕಳನ್ನ ನೋಡ್ಕೋತೀರಿ. ಎಲ್ಲೋ ಕೈತಪ್ಪಿರುತ್ತೆ.” ಅವರು ಸಮಾಧಾನವಾಗಿ, ಥ್ಯಾಂಕ್ಸ್ ಹೇಳಿ, ಬಸ್ಸು ಹಿಡಿದು ದೂರದ ಕೇಂದ್ರಕ್ಕೆ ಬದಲಿ ಬಾಟಲಿ ತರಲು ಹೋದರು. ಅವನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮುಂದುವರಿಸಿದ. ಮಾತ್ರೆಯನ್ನು ನಿಜವಾಗಿ ನುಂಗುವ ಮಾತೇ ಇರಲಿಲ್ಲ. ಆ ಮಕ್ಕಳ ಕಪಾಟಿನದನ್ನು ಬಾಯಿಗೆ ಹಾಕಿಕೊಳ್ಳುವುದೇ? ಅಂಗೈ ಮೇಲೆ ತೋರಿಸುವುದು, ಬಾಯಿಗೆ ಒಯ್ಯುವಾಗ ಬೆರಳ ಸಂದಿಗೆ ಜಾರಿಸುವುದು, ನೀರು ಕುಡಿಯುವುದು. ಇನ್ನೂರು ಸಲ ಮಾಡಿದ ಮೇಲೆ ಅವನ ಕಣ್ಣಿಗೇ ಸಿಕ್ಕಿಬೀಳದಾಯಿತು.

ಕುಣಿತದ ದಿನ ಎಲ್ಲವೂ ಗಡಿಯಾರದ ಮುಳ್ಳಿನಂತೆ ನಡೆಯಿತು. ಬೆಳಗಿನಿಂದ ನೆಲ ಅದುರುತ್ತಿತ್ತು. ಬೆವರಿನ ಬಿಸಿ ಹಬೆ ಚಾವಣಿಯವರೆಗೂ ತುಂಬಿತ್ತು. ಬಿಳಿ ಕೋಟಿನಲ್ಲಿ ಕಂಠ ಬೆಳ್ಳಗೆ ಹೊಳೆಯುತ್ತಿದ್ದ. ಮೊದಲ ಸಾಲಿನಲ್ಲಿ ಅವನ ಹೆಂಡತಿ, ಪಕ್ಕದಲ್ಲಿ ಟೈಲರು. ವೇದಿಕೆಯ ಅಂಚಿನಲ್ಲಿ ವೈದ್ಯೆ, ಕೈಯಲ್ಲಿ ನೇಮಕದ ಪತ್ರವಿದ್ದ ಲಕೋಟೆ. ಐದಕ್ಕೆ ಒಂದು ನಿಮಿಷವಿರುವಾಗ ಕಂಠ ಕೊನೆಯ ಸ್ಪರ್ಶವೊಂದನ್ನು ಕೊಟ್ಟ: ತನ್ನ ಮೈಕನ್ನು ಬುಗುರಿಯ ಕೈಗಿತ್ತು, ಒಂದು, ಎರಡು, ಮೂರು ಎಂದು ಎಣಿಸಲು ಹೇಳಿದ. ಮಗುವಿನ ದನಿ ಹೇಳುವ ಲೆಕ್ಕಕ್ಕೆ ಕಲ್ಲೂ ಕರಗುತ್ತದೆಂದು ಅವನ ಅಂದಾಜು. ಐದು ಹೊಡೆಯಿತು. ಸಂಗೀತ ನಿಂತಿತು. ಮೂರು ಸಾವಿರ ಜನ ಏದುಸಿರು ಬಿಡುತ್ತ ನೀರಿನ ಬಾಟಲಿ ಎತ್ತಿ ಹಿಡಿದರು.

ಅವನು ಅಂಗೈ ಬಿಚ್ಚಿದ. ದೊಡ್ಡ ಪರದೆಯ ತುಂಬ ಆ ಮಾತ್ರೆ ಮೂಡಿತು. “ಒಂದು,” ಎಂದಳು ಬುಗುರಿ; ತಿರುಗಿ ಪರದೆ ನೋಡಿದಳು; “ಎರ...” ಎಂದವಳು ಅಲ್ಲಿಗೇ ನಿಲ್ಲಿಸಿ ಕಿಲಕಿಲ ನಕ್ಕಳು. “ಅಯ್ಯೋ ಅಂಕಲ್, ನುಂಗ್ಬೇಡಿ! ಇದು ಪುಟಾಣಿಗಳ ಮಾತ್ರೆ!” ಕ್ರೀಡಾಂಗಣವೂ ನಕ್ಕಿತು. ನಕ್ಕದ್ದು ಕೇಳಿ ಅವಳಿಗೆ ಹುರುಪು ಬಂತು; ಅವನು ಕಲಿಸಿದಂತೆಯೇ ಮೈಕನ್ನು ತುಟಿಗೆ ಹತ್ತಿರ ಹಿಡಿದು, ಒಂದೊಂದು ಮಾತನ್ನೂ ಬಿಡಿಸಿ, ಎಲ್ಲರಿಗೂ ತಿಳಿಯುವಂತೆ ಹೇಳಿದಳು: “ಇದನ್ನ ನುಂಗೋದಲ್ಲ, ನೀರಲ್ಲಿ ಕರಗಿಸ್ಬೇಕು. ನಾನೇ ದಿನಾ ಚಿಕ್ಕವರಿಗೆಲ್ಲ ಕರಗಿಸ್ಕೊಡ್ತೀನಲ್ಲ. ಇಪ್ಪತ್ತೈದು ಕಿಲೋ ಆಗೋವರೆಗೆ ಮಾತ್ರ ಇದು. ಆಮೇಲೆ ದೊಡ್ಡವರ ಮಾತ್ರೆ. ನಂಗೇ ಹೋದ ತಿಂಗಳು ಬದಲಾಯ್ಸಿದ್ರು!” ನಗು ಅಲ್ಲಲ್ಲೇ ಕಡಿಮೆಯಾಯಿತು. ವೈದ್ಯೆ ಪರದೆಯತ್ತ ಎರಡು ಹೆಜ್ಜೆ ಇಟ್ಟು, ಕನ್ನಡಕ ಸರಿಮಾಡಿಕೊಂಡು, ಲಕೋಟೆಯನ್ನು ಮೆಲ್ಲನೆ ತಮ್ಮ ಚೀಲದೊಳಕ್ಕೆ ಹಾಕಿಕೊಂಡರು. ಮಕ್ಕಳ ಸಾಲಿನ ಹಿಂದೆ ನಿಂತಿದ್ದ ದೊಡ್ಡಕ್ಕ ಬಾಯಿಗೆ ಅಡ್ಡ ಹಿಡಿದ ಕೈಯನ್ನು ತೆಗೆಯಲಿಲ್ಲ. ಮೊದಲ ಸಾಲಿನಲ್ಲಿ ಅವನ ಹೆಂಡತಿ ಎದ್ದು ನಿಂತಿದ್ದಳು. ಚಪ್ಪಾಳೆ ತಟ್ಟಲು ಅಲ್ಲ. ಎಪ್ಪತ್ತೆಂಟು ಕಿಲೋ ತೂಕದ ಕಂಠನ ಗಂಟಲಿನಿಂದ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಒಂದು ಅಕ್ಷರವೂ ಹೊರಡಲಿಲ್ಲ. ಬುಗುರಿ ಅವನ ಅಂಗೈಯನ್ನು ತನ್ನ ಪುಟ್ಟ ಕೈಯಿಂದ ಹಿಡಿದು, ನಿಜವಾದ ಕಾಳಜಿಯಿಂದ, ಎಲ್ಲ ಸ್ಪೀಕರುಗಳಲ್ಲೂ ಕೇಳಿದಳು: “ಇದನ್ನ ನಿಮಗೆ ಯಾರು ಕೊಟ್ರು ಅಂಕಲ್?”